ನೀರಲ್ಲಿದ್ದೂ ಬೆವರಿದವನು: ರನ್ನನ ಕಾವ್ಯದಲ್ಲಿ ಹಿನ್ನೆಲೆ, ಸಂಘರ್ಷ ಹುಡುಕೋದು ಹೇಗೆ?

ನಮಸ್ಕಾರ. ಕಾವ್ಯದ ಹಿನ್ನೆಲೆ ಯಾವುದು ಅಂತ ಪರೀಕ್ಷೆಯಲ್ಲಿ ಕೇಳಿದರೆ ಜಾಗದ ಹೆಸರು ಬರೆದು ಕೈತೊಳೆದುಕೊಳ್ತೀವಿ. ಕುರುಕ್ಷೇತ್ರ. ಸಂಘರ್ಷ? ಭೀಮನಿಗೂ ದುರ್ಯೋಧನನಿಗೂ. ತಪ್ಪೇನಿಲ್ಲ. ಆದರೆ ಇಷ್ಟು ಹೇಳೋಕೆ ರನ್ನನ ಗದಾಯುದ್ಧವನ್ನ ಓದಲೇಬೇಕಾಗಿಲ್ಲ.

ಜಾಗ ಯಾವುದು ಅನ್ನೋದನ್ನ ಬಿಡಿ. ಆ ಜಾಗ ಪಾತ್ರಕ್ಕೆ ಏನು ಮಾಡ್ತಿದೆ ಅಂತ ಕೇಳಿ.

[ದೃಶ್ಯ: ಹೆಣಗಳ ನಡುವೆ ಇಬ್ಬರು ನಡೆಯುತ್ತಿರುವ ರೇಖಾಚಿತ್ರ]

ಯುದ್ಧ ಮುಗಿಯುತ್ತಾ ಬಂದಿದೆ. ಸಂಜಯನ ಜೊತೆ ದುರ್ಯೋಧನ ಭೀಷ್ಮನನ್ನ ನೋಡೋಕೆ ಹೊರಟಿದ್ದಾನೆ. ದಾರಿಯುದ್ದಕ್ಕೂ ಅವನವರೇ ಬಿದ್ದಿದ್ದಾರೆ: ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ. ಒಂದೊಂದು ಹೆಣದ ಮುಂದೆ ನಿಂತಾಗಲೂ ಅವನ ಹಟದ ಲೆಕ್ಕ ಕಣ್ಣೆದುರಿಗೆ ಬರುತ್ತೆ. ಅಭಿಮನ್ಯುವಿನ ಹತ್ತಿರ ಬಂದಾಗ ನೋಡಿ. ಅವನು ಶತ್ರುವಿನ ಮಗ, ತನ್ನ ಮಗನನ್ನ ಕೊಂದವನು. ಆದರೂ ದುರ್ಯೋಧನ ಕೈಮುಗಿದು ಬೇಡ್ತಾನೆ: ನಿನ್ನ ಸಾಹಸದ ಒಂದು ಪಾಲಾದರೂ ಇರೋ ಸಾವು ನನಗೂ ಬರಲಿ.

ಇದನ್ನ ನೆನಪಲ್ಲಿಟ್ಟುಕೊಳ್ಳಿ.

ಮುಂದೆ ಭೀಷ್ಮರು ಸಂಧಿ ಮಾಡ್ಕೋ ಅಂತಾರೆ. ಇವನು ಒಪ್ಪಲ್ಲ. ಹಾಗಾದರೆ ಇವತ್ತೊಂದು ದಿನ ವೈಶಂಪಾಯನ ಸರೋವರದಲ್ಲಿ ಅಡಗಿರು ಅಂತಾರೆ. ವೀರಮರಣ ಬೇಡಿದವನು ಈಗ ನೀರಲ್ಲಿ ಮುಳುಗಿ ಬಚ್ಚಿಟ್ಟುಕೊಳ್ಳಬೇಕು! ಭೀಮನ ಗದೆ ಇನ್ನೂ ದೂರದಲ್ಲಿದೆ, ಆದರೆ ಸಂಘರ್ಷ ಆಗಲೇ ಶುರುವಾಗಿದೆ, ಅವನೊಳಗೇ.

ಆಮೇಲೆ ಭೀಮ ದಡಕ್ಕೆ ಬಂದು ಗರ್ಜಿಸ್ತಾನೆ.

[ಪರದೆ ಮೇಲೆ: ನೀರೊಳಗಿರ್ದುಂ ಬೆಮರ್ತನ್ ಉರಗಪತಾಕಂ]

ಹಾವಿನ ಬಾವುಟದ ದುರ್ಯೋಧನ ನೀರಿನೊಳಗಿದ್ದೂ ಬೆವರಿದ. ಈ ಪದ್ಯದಲ್ಲೇ ಅವನ ಕಣ್ಣು ಕೋಪದಿಂದ ಕೆಂಪಾಗಿದೆ ಅಂತಲೂ ರನ್ನ ಹೇಳ್ತಾನೆ. ಹಾಗಾದರೆ ಈ ಬೆವರು ಹೆದರಿಕೆಯದಲ್ಲ, ಅಡಗಿ ಕೂತ ಅವಮಾನದ್ದು ಅಂತ ನನ್ನ ಓದು. ಸರೋವರ ಇಲ್ಲಿ ಬರೀ ಹಿನ್ನೆಲೆ ಆಗಿ ಉಳಿದಿಲ್ಲ. ತಣ್ಣನೆ ನೀರು ಇಲ್ಲದಿದ್ದರೆ ಆ ಬೆವರಿಗೆ ಅರ್ಥವೇ ಇರ್ತಿರಲಿಲ್ಲ.

ಇನ್ನೊಂದು ತಮಾಷೆ ಇದೆ. ರನ್ನ ತನ್ನ ದೊರೆ ಚಾಲುಕ್ಯ ಸತ್ಯಾಶ್ರಯನನ್ನ ಹೋಲಿಸಿದ್ದು ಭೀಮನಿಗೆ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮ ವಿಜಯ. ಆದರೂ ಒಳಗಿನ ಹೊಯ್ದಾಟವನ್ನೆಲ್ಲ ಕೊಟ್ಟಿದ್ದು ಸೋಲುವವನಿಗೆ. ದುರ್ಯೋಧನನನ್ನ ದುರಂತ ನಾಯಕ ಅಂತ ವಿಮರ್ಶಕರು ಚರ್ಚಿಸಿದ್ದು ಸುಮ್ಮನೆ ಅಲ್ಲ. ಭೀಮ ತನ್ನನ್ನ ತಾನೇ ಅನುಮಾನಿಸೋ ಜಾಗ ನನಗಂತೂ ಕಂಡಿಲ್ಲ. ನಿಮಗೆ ಸಿಕ್ಕಿದ್ದರೆ ಪದ್ಯದ ಸಮೇತ ಕಮೆಂಟಲ್ಲಿ ಹಾಕಿ, ಜಗಳ ಆಡೋಣ.