ಸಂತೆಪೇಟೆಯಲ್ಲಿ ದಿನಸಿ: ಮೂಟೆ ಮುಟ್ಟಿ ನೋಡಿ ಕೊಳ್ಳೋದು ಹೇಗೆ?

ಇದು ಮೈಸೂರಿನ ಸಂತೆಪೇಟೆ. ಗೋಣಿಚೀಲದ ಬಾಯಿ ಮಡಚಿ ಅಕ್ಕಿ, ಬೇಳೆ, ಮೆಣಸಿನಕಾಯಿ ಎಲ್ಲಾ ಎದುರಿಗೇ ಇಟ್ಟಿರ್ತಾರೆ. ಇಲ್ಲಿನ ದಿನಸಿ ಅಂಗಡಿ ಅಂದ್ರೆ ಪ್ರೀತಿ ಇರೋದು ಅದಕ್ಕೇ. ಕೈ ಹಾಕಿ, ಮೂಸಿ, ಒಂದು ಕಾಳು ಕಚ್ಚಿ ನೋಡಿ ಆಮೇಲೆ ತೂಗಿಸ್ಬಹುದು. ದುಡ್ಡು ಉಳಿಯೋದೂ ಅಲ್ಲೇ.

ಅಕ್ಕಿ ಮೂಟೆ ಮೇಲೆ 26 ಕೆಜಿ ಅಂತಿದೆ, ನೋಡಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕಿಗೆ ಶೇ 5 ಜಿಎಸ್‌ಟಿ ಬಿತ್ತು. 25 ಕೆಜಿ ದಾಟಿದ್ರೆ ತೆರಿಗೆ ಇಲ್ಲ, ಬಿಡಿಯಾಗಿ ತೂಗಿಸಿಕೊಂಡ್ರೂ ಇಲ್ಲ. ಹಾಗಾಗಿ ಮಿಲ್‌ನವರು ಒಂದು ಕೆಜಿ ಜಾಸ್ತಿ ತುಂಬೋಕೆ ಶುರು ಮಾಡಿದ್ರು. ಚಿಕ್ಕ ಸಂಸಾರಕ್ಕೆ ಒಂದು ಮೂಟೆ ಜಾಸ್ತಿ ಆದ್ರೆ ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳಿ.

ಸೋನಾ ಮಸೂರಿ ತಗೊಳ್ಳೋವಾಗ ಹಳೇದಾ ಹೊಸದಾ ಕೇಳಿ. ಹಳೇ ಅಕ್ಕಿ ಹಲ್ಲಿಗೆ ಸಿಕ್ಕಿದ್ರೆ ಟಕ್ ಅಂತ ಮುರಿಯುತ್ತೆ. ಒಂದು ಲೋಟಕ್ಕೆ ಎರಡೂವರೆ ಲೋಟ ನೀರು ಹಿಡಿಯುತ್ತೆ, ಅನ್ನ ಉದುರುದುರಾಗಿ ಚೆನ್ನಾಗಿ ಒದಗುತ್ತೆ. ಹೊಸದಕ್ಕೆ ಎರಡು ಲೋಟ ಸಾಕು, ಜಾಸ್ತಿ ಹಾಕಿದ್ರೆ ಮುದ್ದೆ ಆಗುತ್ತೆ. ಕೆಜಿಗೆ ನಾಲ್ಕೈದು ರೂಪಾಯಿ ಜಾಸ್ತಿ ಕೊಟ್ರೂ ಹಳೇದೇ ಲಾಭ.

ಬೇಳೆ ಹತ್ರ ಸ್ವಲ್ಪ ನಿಲ್ಲೋಣ. ಒಂದು ಹಿಡಿ ತೊಗರಿಬೇಳೆ ಅಂಗೈಲಿ ಉಜ್ಜಿ. ಬಿಳಿ ಪುಡಿ ಅಂಟಿಕೊಂಡ್ರೆ, ಅಥವಾ ಸಣ್ಣ ಸಣ್ಣ ತೂತು ಕಂಡ್ರೆ ಹುಳ ಬಿದ್ದಿದೆ ಅಂತ ಅರ್ಥ. ದುಂಡನೆ ಬೇಳೆಗಳ ಮಧ್ಯೆ ಚೌಕಾಕಾರದ, ಮೂಲೆ ಚೂಪಾದ ತುಂಡುಗಳು ಬೆರೆತಿದ್ರೆ ಅದು ಕಲಬೆರಕೆಗೆ ಬಳಸೋ ಕೇಸರಿಬೇಳೆ ಇರಬಹುದು, ಬಿಟ್ಟುಬಿಡಿ. ಇನ್ನು ಒಡಕು ಬೇಳೆ. ಇಡೀ ಬೇಳೆಗಿಂತ ಕಡಿಮೆ ರೇಟು, ರುಚಿ ಅದೇ, ಬೇಯೋದು ಬೇಗ. ಹುಳಿ, ಸಾರಿನಲ್ಲಿ ಹೇಗಿದ್ರೂ ಮಸೆದೇ ಹಾಕೋದು, ಇಡೀ ಬೇಳೆ ಯಾಕೆ ಬೇಕು? ಕೋಸಂಬರಿಗೆ ಹೆಸರುಬೇಳೆ ಮಾತ್ರ ಇಡಿಯದನ್ನೇ ಆರಿಸಿ. ಬೋರ್‌ವೆಲ್ ನೀರಿನ ಬಡಾವಣೆಯಲ್ಲಿ ಬೇಳೆ ಬೇಯ್ತಿಲ್ಲ ಅಂದ್ರೆ ಅಂಗಡಿಯವರನ್ನ ಬೈಯೋಕೆ ಮುಂಚೆ ಕುಡಿಯೋ ನೀರಲ್ಲಿ ಒಂದ್ಸಲ ಬೇಯಿಸಿ ನೋಡಿ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆನ ಮೆತ್ತಗಾಗೋಕೆ ಬಿಡಲ್ಲ. ಹುಣಸೆ ರಸ ಮೊದಲೇ ಹಾಕಿದ್ರೂ ಇದೇ ಗತಿ.

ಬೆಲ್ಲ ಮಂಡ್ಯ ಕಡೆಯಿಂದ ಬರುತ್ತೆ. ಅಚ್ಚು, ಉಂಡೆ, ಬಕೆಟ್ ಅಂತ ಆಕಾರ ಬೇರೆ ಬೇರೆ. ತೀರಾ ಬೆಳ್ಳಗೆ, ಹಳದಿಯಾಗಿ ಹೊಳೆಯೋದಕ್ಕೆ ಮನಸೋಲಬೇಡಿ, ಆ ಬಣ್ಣಕ್ಕೆ ಹೈಡ್ರೋಸ್ ಅನ್ನೋ ಬಿಳಿಚಿಸೋ ರಾಸಾಯನಿಕ ಹಾಕಿರ್ತಾರೆ. ಕಂದು ಬಣ್ಣದ್ದು ತಗೊಳ್ಳಿ, ಒಂದು ಚೂರು ಬಾಯಿಗೆ ಹಾಕಿ. ಉಪ್ಪುಪ್ಪು ಅನ್ನಿಸಿದ್ರೆ ಬೇಡ. ಮೂಟೆ ತಳದ ಪುಡಿಬೆಲ್ಲ ಅಗ್ಗಕ್ಕೆ ಸಿಗುತ್ತೆ. ಕರಗಿಸಿ ಸೋಸಿದ್ರೆ ಪಾಯಸಕ್ಕೆ ಧಾರಾಳವಾಗಿ ಆಗುತ್ತೆ. ಮಳೆಗಾಲದಲ್ಲಿ ಮಾತ್ರ ಒಂದೆರಡು ಕೆಜಿಗಿಂತ ಜಾಸ್ತಿ ಬೇಡ, ತೇವ ಎಳ್ಕೊಂಡು ನೀರು ಬಿಡುತ್ತೆ.

ಪ್ಯಾಕೆಟ್ ಸಾಮಾನಲ್ಲಿ ಮೋಸಹೋಗೋದು ಎಣ್ಣೆಲಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ. ಅದೇ ಅಳತೆಯಂತೆ ಕಾಣೋ ಪ್ಯಾಕೆಟ್‌ನಲ್ಲಿ 800 ಗ್ರಾಂ ಇರಬಹುದು. ಉದಾಹರಣೆಗೆ 910 ಗ್ರಾಂಗೆ 145 ರೂಪಾಯಿ, 800 ಗ್ರಾಂಗೆ 132 ಅಂತಿಟ್ಕೊಳ್ಳಿ. ಮೊದಲನೇದು 100 ಗ್ರಾಂಗೆ 15 ರೂಪಾಯಿ 93 ಪೈಸೆ, ಎರಡನೇದು 16 ರೂಪಾಯಿ 50 ಪೈಸೆ. ಅಗ್ಗ ಅಂತ ಕಂಡಿದ್ದೇ ದುಬಾರಿ! ಎಂಆರ್‌ಪಿ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಯೂನಿಟ್ ಸೇಲ್ ಪ್ರೈಸ್, ಅಂದ್ರೆ ಗ್ರಾಂ ಅಥವಾ ಮಿಲಿಲೀಟರ್ ಲೆಕ್ಕದ ಬೆಲೆ ಇರುತ್ತೆ, ಅದನ್ನ ಓದಿ. ಎಂಆರ್‌ಪಿ ಅಂದ್ರೆ ಗರಿಷ್ಠ ಬೆಲೆ ಅಷ್ಟೇ, ಅದಕ್ಕಿಂತ ಕಡಿಮೆ ಮಾಡಿ ಅಂತ ಕೇಳೋಕೆ ಸಂಕೋಚ ಬೇಡ.

ವರ್ಷದ ಸಾಮಾನಿಗೆ ಕಾಲ ನೋಡ್ಬೇಕು. ಹೊಸ ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಜನವರಿಯಿಂದ ಮಾರ್ಚ್‌ವರೆಗೆ ಬರುತ್ತೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಹುಳಿಪುಡಿಗೆ ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಸರಿಹೋಗುತ್ತೆ. ಹೊಸ ಹುಣಸೆಹಣ್ಣೂ ಅದೇ ತಿಂಗಳುಗಳ ಆಸುಪಾಸಿನಲ್ಲೇ ಬರುತ್ತೆ. ಬೀಜ ತೆಗೆದು, ಬಿಸಿಲಿಗಿಟ್ಟು, ಕಲ್ಲುಪ್ಪು ಬೆರೆಸಿ ಜಾಡಿಗೆ ತುಂಬಿದ್ರೆ ವರ್ಷಪೂರ್ತಿ ಬರುತ್ತೆ. ದಸರಾ, ಸಂಕ್ರಾಂತಿ ಹಿಂದಿನ ದಿನ ಮಾತ್ರ ಚೀಟಿ ಹಿಡ್ಕೊಂಡು ಹೋಗ್ಬೇಡಿ. ಎಳ್ಳು, ಕೊಬ್ಬರಿ, ಹುರಿಗಡಲೆ ಹತ್ತು ದಿನ ಮುಂಚೆನೇ ತಂದಿಡಿ. ಕೊಬ್ಬರಿ ಒಡೆದು ಮೂಸಿ ನೋಡಿ, ಕಮಟು ವಾಸನೆ ಇದ್ರೆ ಅಲ್ಲೇ ಬದಲಾಯಿಸಿ ಕೊಡ್ತಾರೆ. ತಕ್ಕಡಿ ಮೇಲೆ ಸಾಮಾನು ಬೀಳೋಕೆ ಮುಂಚೆ ಅದು ಸೊನ್ನೆ ತೋರಿಸ್ತಿದೆಯಾ ಅಂತ ನೋಡ್ಕೊಳ್ಳಿ.