ತಳ್ಳುವ ಗಾಳಿ, ತಡೆಯುವ ಗಾಳಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ತಗ್ಗು ನೆಲದ ಸಿಟಿ ಬಸ್ಸುಗಳಲ್ಲಿ ಓಡಾಡಿದವರು ಇದನ್ನು ಗಮನಿಸಿರಬಹುದು. ನಿಲ್ದಾಣದಲ್ಲಿ ಬಸ್ಸು ನಿಂತಾಗ ಒಮ್ಮೊಮ್ಮೆ ‘ಬುಸ್’ ಎಂದು ಸದ್ದಾಗಿ ಅದರ ಮೈ ಒಂದಿಷ್ಟು ತಗ್ಗುತ್ತದೆ, ಜನ ಹತ್ತಿದ ಮೇಲೆ ಮತ್ತೆ ಏಳುತ್ತದೆ. ಆ್ಯಕ್ಸಲ್ ಮೇಲೆ ಕೂತಿರುವ ರಬ್ಬರ್ ಬಲೂನುಗಳಿಂದ ಚಾಲಕರು ಗಾಳಿ ಬಿಟ್ಟು, ಮತ್ತೆ ತುಂಬಿರುತ್ತಾರೆ, ಅಷ್ಟೇ. ಓಡುವಾಗ ರಸ್ತೆಗುಂಡಿಯ ಕುಲುಕಾಟವನ್ನು ನುಂಗುವುದೂ ಇವೇ, ನಿಂತಾಗ ಇಡೀ ಬಸ್ಸನ್ನು ಇಳಿಸಿ ಏರಿಸುವುದೂ ಇವೇ. ಗ್ಯಾರೇಜಿನಲ್ಲಿ ಬೆಲ್ಲೋ ಎನ್ನುವ ಈ ಏರ್ ಸ್ಪ್ರಿಂಗು ಕಾರ್ಖಾನೆಗಳಲ್ಲೂ ಇವೇ ಎರಡು ಕೆಲಸ ಮಾಡುತ್ತದೆ. ನಮ್ಮ ಸಣ್ಣ ಕೈಗಾರಿಕೆಗಳಲ್ಲಿ ಇದರ ಬಳಕೆ ಇನ್ನೂ ಹೆಚ್ಚಬೇಕು ಎಂಬುದು ನನ್ನ ಅಭಿಪ್ರಾಯ.

ನೋಡುವುದಕ್ಕೆ ಎರಡು ದಪ್ಪ ಕೋಡುಬಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗಿರುತ್ತದೆ. ಮೇಲೆ ಕೆಳಗೆ ಉಕ್ಕಿನ ತಟ್ಟೆ, ಅದರಲ್ಲೊಂದು ಗಾಳಿಯ ತೂತು. ರಬ್ಬರಿನ ಗೋಡೆಯೊಳಗೆ ಓರೆಯಾಗಿ ಹಾಸಿದ ನೈಲಾನ್ ದಾರಗಳ ಪದರ. ಒತ್ತಡ ತಡೆಯುವುದು ಈ ದಾರ, ಗಾಳಿ ಸೋರದಂತೆ ಹಿಡಿಯುವುದು ರಬ್ಬರು. ಗಾಳಿಯ ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ; ಎರಡು ಪದರದ ಬೆಲ್ಲೋಗೆ ಸಾಮಾನ್ಯವಾಗಿ 7 ಬಾರ್ ಮಿತಿ. ವರ್ಕ್‌ಶಾಪಿನ ಕಂಪ್ರೆಸರ್ ಕೊಡುವ ಗಾಳಿಯೇ ಸಾಕು.

ಮೊದಲು ತಳ್ಳುವ ಕೆಲಸ. ಗಾಳಿ ತಳ್ಳುವ ಪರಿಣಾಮಕಾರಿ ವ್ಯಾಸ 20 ಸೆಂಟಿಮೀಟರ್ ಇದ್ದು 6 ಬಾರ್ ಗಾಳಿ ಕೊಟ್ಟರೆ, ಲೆಕ್ಕಕ್ಕೆ ಸುಮಾರು 1,900 ಕಿಲೋ ಎತ್ತುತ್ತದೆ. ಇದೇ ಕೆಲಸಕ್ಕೆ ಬಳಸುವ ಗಾಳಿಯ ಸಿಲಿಂಡರಿನಲ್ಲಿರುವಂತೆ ಇಲ್ಲಿ ಪಿಸ್ಟನ್ ಇಲ್ಲ, ರಾಡ್ ಇಲ್ಲ, ಉಜ್ಜಿ ಸವೆಯುವ ಸೀಲ್ ಇಲ್ಲ. ಧೂಳು ಕೂತ ರಾಡು ಒಳಹೊರಗೆ ಆಡುತ್ತಾ ಸಿಲಿಂಡರಿನ ಸೀಲನ್ನು ಹೇಗೆ ತಿಂದುಹಾಕುತ್ತದೆ ಎಂಬುದು ಮರದ ಮಿಲ್ಲಿನವರಿಗೆ, ಫೌಂಡ್ರಿಯವರಿಗೆ ಚೆನ್ನಾಗಿ ಗೊತ್ತು. ಬೆಲ್ಲೋಗೆ ಆ ಕಾಟವಿಲ್ಲ. ಎತ್ತುವ ಹಲಗೆ ಸ್ವಲ್ಪ ಓರೆಯಾದರೂ ತಾನೂ ಓರೆಯಾಗಿ ಬಗ್ಗುತ್ತದೆ. ಸೀಲಿನ ತಿಕ್ಕಾಟ ಇಲ್ಲದ್ದರಿಂದ ಒತ್ತಡ ಒಂಚೂರು ಏರಿದರೂ ಅಂಟಿ ನಿಲ್ಲದೆ ಕೂಡಲೇ ಅಲುಗುತ್ತದೆ. ಕಾಗದದ ಸುರುಳಿಯನ್ನು ಹದವಾದ ಬಿಗಿಯಲ್ಲಿ ಹಿಡಿಯುವಂಥ ಕಡೆ ಇದು ದೊಡ್ಡ ಅನುಕೂಲ.

ಆದರೆ ಸಿಲಿಂಡರಿನ ಲೆಕ್ಕವನ್ನೇ ಇದಕ್ಕೂ ಹಾಕಿದರೆ ಕೆಲಸ ಕೆಡುತ್ತದೆ. ಬೆಲ್ಲೋ ಮೇಲೇರಿದಂತೆ ಅದರ ಸೊಂಟ ಸಣ್ಣದಾಗುತ್ತದೆ, ಬಲ ಇಳಿಯುತ್ತದೆ. ಈಗ ಹೇಳಿದ 20 ಸೆಂಟಿಮೀಟರ್ ವ್ಯಾಸ 15ಕ್ಕೆ ಇಳಿದರೆ, ಅದೇ 6 ಬಾರ್‌ಗೆ ಸಿಗುವುದು 1,080 ಕಿಲೋ ಮಾತ್ರ. ಹಾಗಾಗಿ ಕ್ಯಾಟಲಾಗಿನಲ್ಲಿ ಮೊದಲ ಸಾಲಿನ ದೊಡ್ಡ ಸಂಖ್ಯೆ ನೋಡಿ ಕೊಳ್ಳಬೇಡಿ, ನಿಮ್ಮ ಕೆಲಸ ಮುಗಿಯುವ ಎತ್ತರದಲ್ಲಿ ಎಷ್ಟು ಬಲ ಉಳಿದಿರುತ್ತದೆ ಎಂದು ನೋಡಿ. ಇನ್ನೊಂದು ವಿಷಯ: ಇದು ತಳ್ಳುತ್ತದೆಯೇ ಹೊರತು ಎಳೆಯುವುದಿಲ್ಲ. ವಾಪಸ್ಸು ಬರಲು ಮೇಲೊಂದು ಭಾರವೋ ಸ್ಪ್ರಿಂಗೋ ಬೇಕು. ಮೇಲಕ್ಕೂ ಕೆಳಕ್ಕೂ ಗಟ್ಟಿ ತಡೆ ಇರಲೇಬೇಕು. ‘ಸುಮ್ಮನೆ ನೋಡೋಣ’ ಎಂದು ಬೆಂಚಿನ ಮೇಲಿಟ್ಟು, ತಡೆಯಿಲ್ಲದೆ ಗಾಳಿ ತುಂಬುವವರಿದ್ದಾರೆ. ದಯವಿಟ್ಟು ಬೇಡ, ಪ್ರಾಣಕ್ಕೆ ಬರುತ್ತದೆ.

ಇನ್ನು ತಡೆಯುವ ಕೆಲಸ. ಜಲ್ಲಿ ಕ್ರಷರಿನ ಜರಡಿಯನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 900 ಸುತ್ತು ಎಂದರೆ ಸೆಕೆಂಡಿಗೆ 15 ಕಂಪನ. ಕೆಳಗಿನ ಕಟ್ಟಡಕ್ಕೆ ಅದರಲ್ಲಿ ಎಷ್ಟು ಇಳಿಯುತ್ತದೆ ಎಂಬುದು ಆಸರೆಯ ಸಹಜ ಲಯದ ಮೇಲೆ, ಅಂದರೆ ಅದರ ಮೇಲೆ ಕೂತ ಯಂತ್ರವನ್ನು ಒಮ್ಮೆ ಒತ್ತಿ ಬಿಟ್ಟರೆ ತಾನಾಗಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದರ ಮೇಲೆ, ನಿಂತಿದೆ. ರಬ್ಬರ್ ಪ್ಯಾಡಿನ ಲಯ ಸೆಕೆಂಡಿಗೆ 10 ಇದ್ದರೆ, ಕಂಪನದ ಬಲದ ಸುಮಾರು ನೂರಕ್ಕೆ 80 ಪಾಲು ಕೆಳಗೆ ಇಳಿಯುತ್ತದೆ. ಅಲ್ಲಿಗೆ ಪ್ಯಾಡ್ ಹಾಕಿದ್ದು ಮನಸ್ಸಿನ ಸಮಾಧಾನಕ್ಕೆ. ಲಯ 3 ಇರುವ ಏರ್ ಸ್ಪ್ರಿಂಗಿನ ಮೇಲೆ ಕೂರಿಸಿದರೆ ಇಳಿಯುವುದು ನೂರಕ್ಕೆ 4 ಪಾಲು.

ಉಕ್ಕಿನ ಸ್ಪ್ರಿಂಗಿನಲ್ಲೂ ಇಷ್ಟು ನಿಧಾನದ ಲಯ ಸಾಧ್ಯ. ಆದರೆ ಲಯ 2ಕ್ಕೆ ಇಳಿಯಬೇಕಾದರೆ ಯಂತ್ರದ ಭಾರಕ್ಕೇ ಸ್ಪ್ರಿಂಗು 62 ಮಿಲಿಮೀಟರ್ ಕುಗ್ಗಬೇಕು. ಭಾರ ಬದಲಾದರೆ ಎತ್ತರವೂ ಲಯವೂ ಬದಲಾಗುತ್ತವೆ. ಏರ್ ಸ್ಪ್ರಿಂಗಿನ ಸೊಗಸಿರುವುದು ಇಲ್ಲೇ. ಭಾರ ಹೆಚ್ಚಿತೋ, ಒತ್ತಡ ಹೆಚ್ಚಿಸಿ ಅದೇ ಎತ್ತರಕ್ಕೆ ತನ್ನಿ. ಭಾರದ ಜೊತೆಗೆ ಗಡಸುತನವೂ ಏರುವುದರಿಂದ ಲಯ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ತುಂಬಿದ ಮೆಟ್ರೋ ಬೋಗಿಯೂ ಖಾಲಿ ಬೋಗಿಯೂ ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ನಿಲ್ಲುವುದರ ಹಿಂದೆಯೂ ಇದೇ ಉಪಾಯವಿದೆ.

ಹಾಗಂತ ಇದು ಮಂತ್ರದಂಡವಲ್ಲ. ಜರಡಿಯನ್ನು ಆಫ್ ಮಾಡಿದಾಗ ವೇಗ ಇಳಿಯುತ್ತಾ ನಿಮಿಷಕ್ಕೆ 180 ಸುತ್ತಿನ ಹತ್ತಿರ ಬಂತೆಂದರೆ, ಅದು ಸ್ಪ್ರಿಂಗಿನ ಲಯವೇ ಆದ್ದರಿಂದ, ಯಂತ್ರ ಕೆಲವು ಕ್ಷಣ ಜೋರಾಗಿ ಕುಣಿಯುತ್ತದೆ. ಹೆದರಬೇಕಿಲ್ಲ, ಸುತ್ತ ಜಾಗ ಬಿಟ್ಟಿರಬೇಕು. ಎತ್ತರದ ಯಂತ್ರಗಳು ವಾಲುತ್ತವೆ. ಅದಕ್ಕೇ ಸ್ಪ್ರಿಂಗುಗಳ ನಡುವಿನ ಅಂತರ ಗುರುತ್ವ ಕೇಂದ್ರದ ಎತ್ತರದ ಎರಡರಷ್ಟಾದರೂ ಇರಲಿ. ಎತ್ತರವನ್ನು ತಾನೇ ಸರಿಪಡಿಸುವ ಲೆವೆಲಿಂಗ್ ವಾಲ್ವ್ ಹಾಕುವುದಾದರೆ, ನಾಲ್ಕು ಮೂಲೆಗೂ ಮೂರೇ ವಾಲ್ವ್ ಹಾಕಿ, ಎರಡು ಸ್ಪ್ರಿಂಗುಗಳನ್ನು ಒಂದೇ ವಾಲ್ವಿಗೆ ಜೋಡಿಸಿ. ನಾಲ್ಕು ಹಾಕಿದರೆ ಒಂದು ಮೂಲೆ ಏರಿಸಿದ್ದನ್ನು ಇನ್ನೊಂದು ಇಳಿಸುತ್ತಾ ಅವುಗಳಲ್ಲೇ ಜಗಳ ಶುರುವಾಗುತ್ತದೆ.

ನಿರ್ವಹಣೆ ಹೆಚ್ಚೇನಿಲ್ಲ. ಗ್ರೀಸ್ ಬೇಡ. ಸಾಮಾನ್ಯ ರಬ್ಬರಿನ ಬೆಲ್ಲೋ ಸುಮಾರು 57 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾತ್ರ. ಎಣ್ಣೆ, ಡೀಸೆಲ್ ತಾಗುವ ಜಾಗವಾದರೆ ಕೊಳ್ಳುವಾಗಲೇ ಹೇಳಿ ಬೇರೆ ಜಾತಿಯ ರಬ್ಬರಿನದು ಕೇಳಿ. ಮಡಿಕೆಗಳ ನಡುವೆ ಜಲ್ಲಿ ಚೂರು ಸಿಕ್ಕಿಕೊಳ್ಳದಂತೆ ಒಂದು ಮರೆ ಕಟ್ಟಿ. ಯಂತ್ರ ನಿಲ್ಲಿಸಿ, ಗಾಳಿ ಪೂರ್ತಿ ಬಿಟ್ಟ ಮೇಲೆ ಮಡಿಕೆಯ ಸುತ್ತ ಟಾರ್ಚ್ ಹಾಕಿ ನೋಡಿ. ರಬ್ಬರ್ ಸವೆದು ಒಳಗಿನ ದಾರ ಒಂದೆಳೆ ಕಂಡರೂ ಬೆಲ್ಲೋ ಬದಲಿಸಿ, ಪಂಕ್ಚರ್ ಪಟ್ಟಿ ಹಚ್ಚಿ ಓಡಿಸಬೇಡಿ.

ನಮಸ್ಕಾರ.