63 ಎಳೆಗಳ ಹೇಸರಗತ್ತೆ

ಕೇಳುಗರಿಗೆ ನಮಸ್ಕಾರ.

ಹೇಸರಗತ್ತೆಯಿಂದ ಮಾತು ಶುರುಮಾಡುತ್ತೇನೆ. ತಾಯಿ ಕುದುರೆ, ತಂದೆ ಕತ್ತೆ. ಮೈಕಟ್ಟು ತಾಯಿಯದು, ಕಿವಿ ತಂದೆಯದು. ಹಟ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಹೊರೆ ಹೊರುವುದರಲ್ಲಿ ಗಟ್ಟಿ, ಕಲ್ಲುದಾರಿಯಲ್ಲಿ ಎಡವುವುದಿಲ್ಲ. ಮರಿ ಮಾತ್ರ ಹಾಕುವುದಿಲ್ಲ. ಹಾಕಿದ ಪ್ರಸಂಗಗಳು ಇವೆ, ಆದರೆ ಎಷ್ಟು ಅಪರೂಪವೆಂದರೆ ಹಾಕಿದಾಗಲೆಲ್ಲ ಅದು ಸುದ್ದಿಯಾಗಿದೆ.

ಕಾರಣ ಜೀವಕೋಶದೊಳಗಿದೆ. ಕುದುರೆಯ ಕೋಶದಲ್ಲಿ 64 ವರ್ಣತಂತುಗಳು, ಕತ್ತೆಯ ಕೋಶದಲ್ಲಿ 62. ತಾಯಿಯ ಅಂಡಾಣುವಿನಿಂದ ಅರ್ಧ, ಅಂದರೆ 32. ತಂದೆಯ ವೀರ್ಯಾಣುವಿನಿಂದ 31. ಕೂಡಿದರೆ 63.

ವರ್ಣತಂತು ಎಂಬ ಹೆಸರಿನ ಬಗ್ಗೆ ಇಲ್ಲೇ ಒಂದು ಮಾತು. 1888ರಲ್ಲಿ ಜರ್ಮನಿಯ ವಿಜ್ಞಾನಿ ವಾಲ್ಡೆಯರ್ ಇಟ್ಟ ಕ್ರೋಮೋಸೋಮ್ ಎಂಬ ಹೆಸರಿಗೆ ಬಣ್ಣದ ಕಾಯ ಎಂದಷ್ಟೇ ಅರ್ಥ. ಬಣ್ಣ ಹಾಕಿದರೆ ಗಬಗಬನೆ ಹೀರಿಕೊಂಡು ಸೂಕ್ಷ್ಮದರ್ಶಕದಡಿ ಎದ್ದು ಕಾಣುತ್ತದೆಂದು ಆ ಹೆಸರು. ಕನ್ನಡದಲ್ಲಿ ಕಾಯ ಹೋಗಿ ತಂತು ಬಂತು. ನನಗೆ ನಮ್ಮ ಹೆಸರೇ ಹೆಚ್ಚು ಸರಿಯೆನಿಸುತ್ತದೆ. ಅದು ನಿಜಕ್ಕೂ ಸುತ್ತಿ ಸುತ್ತಿ ಅಡಕಗೊಳಿಸಿದ, ವಂಶದ ಗುಣಗಳನ್ನು ಹೊತ್ತ ಡಿಎನ್‌ಎ ಎಳೆಯೇ.

ಈಗ ಹೇಸರಗತ್ತೆಯ ಮೈಯಲ್ಲಿ ವೀರ್ಯಾಣುವೋ ಅಂಡಾಣುವೋ ತಯಾರಾಗಬೇಕು ಎಂದುಕೊಳ್ಳಿ. ಆಗ ನಡೆಯುವ ಕೋಶವಿಭಜನೆಗೆ ಒಂದು ಶಿಸ್ತಿದೆ. ತಾಯಿಯಿಂದ ಬಂದ ಪ್ರತಿ ಎಳೆಯೂ ತಂದೆಯಿಂದ ಬಂದ ತನ್ನ ಸರಿಜೋಡಿಯನ್ನು ಹುಡುಕಿಕೊಂಡು ಅದರ ಪಕ್ಕದಲ್ಲಿ ಉದ್ದಕ್ಕೂ ಹೊಂದಿ ಮಲಗಬೇಕು. ಹಾಗೆ ಹೊಂದಿದ ಮೇಲೆಯೇ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಸರಿಯುತ್ತವೆ. ಕುದುರೆಯ ಎಳೆ ಮತ್ತು ಕತ್ತೆಯ ಎಳೆಗಳಲ್ಲಿ ಭಾಗಗಳ ಜೋಡಣೆಯೇ ಬೇರೆಬೇರೆ. ಅರ್ಧ ಹೊಂದಿ ಅರ್ಧ ಹೊಂದದೆ, ಕೆಲವು ಒಂಟಿಯಾಗಿ ಉಳಿದು, ಕೆಲಸ ಅಲ್ಲೇ ನಿಂತುಬಿಡುತ್ತದೆ.

1942ರಲ್ಲಿ ಜೀವವಿಜ್ಞಾನಿ ಅರ್ನ್‌ಸ್ಟ್ ಮಾಯರ್ ಪ್ರಭೇದಕ್ಕೆ ಕೊಟ್ಟ ವ್ಯಾಖ್ಯೆ ಇಂಥ ಪ್ರಾಣಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ನಿಸರ್ಗದಲ್ಲಿ ತಮ್ಮತಮ್ಮಲ್ಲಿ ಕೂಡಿ ಸಂತಾನ ಬೆಳೆಸುವ, ಬೇರೆ ಗುಂಪುಗಳೊಂದಿಗೆ ಹಾಗೆ ಬೆಳೆಸಲಾರದ ಜೀವಿಗಳ ಗುಂಪೇ ಒಂದು ಪ್ರಭೇದ ಎಂದರು ಅವರು. ಅದಕ್ಕೂ ಮುಂಚೆ, ಜೀವಿಗಳಿಗೆ ಹೆಸರಿಡುವ ಪದ್ಧತಿ ಹಾಕಿಕೊಟ್ಟ 18ನೇ ಶತಮಾನದ ಲಿನೇಯಸ್‌ನ ಕಾಲದಿಂದ, ಮುಖ್ಯವಾಗಿ ರೂಪ ನೋಡಿ ಹೆಸರಿಡುತ್ತಿದ್ದರು. ಆದರೆ ಮಾಯರ್ ಗೆರೆ ಎಲ್ಲ ಕಡೆ ನಿಲ್ಲುವುದಿಲ್ಲ. ಎರಡಾಗಿ ಸೀಳಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಯಾರೊಂದಿಗೆ ಕೂಡಿಸಿ ನೋಡುವುದು? ಕಲ್ಲಾಗಿಹೋದ ಪಳೆಯುಳಿಕೆಗೆ ಸಂತಾನ ಎಲ್ಲಿಂದ ಬರಬೇಕು?

ಹಾಗಿದ್ದರೆ ವರ್ಣತಂತುಗಳನ್ನು ಎಣಿಸಿಬಿಟ್ಟರಾಯಿತಲ್ಲ, ಸಂಖ್ಯೆ ಬೇರೆಯಾದರೆ ಪ್ರಭೇದ ಬೇರೆ, ಎನ್ನಬಹುದು ನೀವು. ಮಂಗೋಲಿಯಾದಲ್ಲಿ ಪ್ರಜೆವಾಲ್ಸ್ಕಿ ಎಂಬ ಕಾಡುಕುದುರೆ ಇದೆ. ಅದಕ್ಕೆ 66. ಸಾಕು ಕುದುರೆಯೊಂದಿಗೆ ಕೂಡಿಸಿದರೆ ಮರಿಗೆ 65. ಹೇಸರಗತ್ತೆಯ 63ರಂತೆಯೇ ಬೆಸಸಂಖ್ಯೆ. ಆದರೂ ಆ ಮರಿ ಬಂಜೆಯಲ್ಲ, ಮುಂದೆ ಮರಿ ಹಾಕುತ್ತದೆ. ಸಾಕು ಕುದುರೆಯ ಒಂದು ಉದ್ದನೆಯ ಎಳೆ ಕಾಡುಕುದುರೆಯಲ್ಲಿ ಎರಡು ತುಂಡಾಗಿದೆ, ಅಷ್ಟೇ ವ್ಯತ್ಯಾಸ. ವಿಭಜನೆಯ ಹೊತ್ತಿಗೆ ಎರಡು ತುಂಡುಗಳೂ ಆ ಉದ್ದನೆಯ ಎಳೆಯ ಪಕ್ಕದಲ್ಲಿ ಜಾಗ ಹಿಡಿಯುತ್ತವೆ. ಇತ್ತ ತೋಳ, ನಾಯಿ ಎರಡಕ್ಕೂ 78. ಆಲೂಗಡ್ಡೆಗೂ ಚಿಂಪಾಂಜಿಗೂ 48, ಅವೆರಡನ್ನು ಯಾರೂ ನೆಂಟರೆನ್ನುವುದಿಲ್ಲ!

ಎಣಿಸುವುದೂ ಅಷ್ಟು ಸುಲಭವಲ್ಲ. ಮನುಷ್ಯನಿಗೂ 48 ಎಂದೇ 1920ರ ದಶಕದಿಂದ ನಂಬಿಕೆಯಿತ್ತು. ಕೋಶದಲ್ಲಿ ಎಳೆಗಳು ಒಂದರ ಮೇಲೊಂದು ಬಿದ್ದಿದ್ದರೆ ಯಾವುದು ಒಂದು, ಯಾವುದು ಎರಡು ಎಂದು ತಿಳಿಯದು. ನೋಡಿದವರಿಗೆ ಮೊದಲೇ ಕಲಿತ ಸಂಖ್ಯೆಯೇ ಕಾಣುತ್ತಿತ್ತು. 1955ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟಿಯೊ ಕೋಶಗಳನ್ನು ತೆಳು ದ್ರಾವಣದಲ್ಲಿ ಉಬ್ಬಿಸಿ, ಒತ್ತಿ ಹರಡಿ ಎಣಿಸಿದರು. 46! ಮರುವರ್ಷ ಆಲ್ಬರ್ಟ್ ಲೆವಾನ್ ಜೊತೆ ಅದನ್ನು ಪ್ರಕಟಿಸಿದರು. ಚಿಂಪಾಂಜಿಯ ಎರಡು ಜೋಡಿಗೆ ಸಮನಾದದ್ದು ನಮ್ಮಲ್ಲಿ ಒಂದೇ ಜೋಡಿಯಾಗಿ ಬೆಸೆದುಕೊಂಡಿದೆ. ನಮ್ಮ ಎರಡನೆಯ ವರ್ಣತಂತು ಅದು. ಎಳೆಯ ತುದಿಯಲ್ಲಷ್ಟೇ ಇರಬೇಕಾದ ಡಿಎನ್‌ಎ ಗುರುತು ಅದರ ನಡುವೆ ಇಂದಿಗೂ ಉಳಿದಿದೆ.

ಬೆಸೆಯುವುದರಲ್ಲಿ ಕಾಡುಕುರಿಯನ್ನು ಮೀರಿಸಿದವರಿಲ್ಲ. ಹೆಸರಿನಲ್ಲಿ ಕುರಿ, ಜಾತಿಯಲ್ಲಿ ಜಿಂಕೆ, ಕೂಗು ನಾಯಿಯದು. ಭಾರತದ ಕಾಡುಕುರಿಯಲ್ಲಿ ಹೆಣ್ಣಿಗೆ 6, ಗಂಡಿಗೆ 7 ವರ್ಣತಂತುಗಳು. ಸಸ್ತನಿಗಳಲ್ಲೇ ಅತಿ ಕಡಿಮೆ. 1970ರಲ್ಲಿ ಇದು ಹೊರಬಿದ್ದಾಗ ತಜ್ಞರೇ ಬೆರಗಾದರು, ಏಕೆಂದರೆ ಚೀನಾದಲ್ಲಿರುವ ಅದರ ದಾಯಾದಿಗೆ 46 ಇವೆ. ಎರಡನ್ನೂ ಎದುರಿಗೆ ನಿಲ್ಲಿಸಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹತ್ತಾರು ಬಿಡಿ ಪುಸ್ತಕಗಳನ್ನು ಸೇರಿಸಿ ಮೂರೇ ದಪ್ಪ ಸಂಪುಟವಾಗಿ ಹೊಲಿದ ಹಾಗೆ, ಹಳೆಯ ಎಳೆಗಳೇ ತುದಿಗೆ ತುದಿ ಅಂಟಿಕೊಂಡಿವೆ. ಇವೆರಡರ ಮಿಶ್ರಮರಿ ಹುಟ್ಟಿದ್ದುಂಟು, ಆದರೆ ಅದು ಬಂಜೆ. ಕುದುರೆಯಲ್ಲಿ ಒಂದು ಬೆಸುಗೆಯನ್ನು ಸಹಿಸಿಕೊಂಡ ವಿಭಜನೆ ಇಲ್ಲಿ ಇಷ್ಟೊಂದನ್ನು ನಿಭಾಯಿಸಲಾರದು.

ಇನ್ನು ಆಸ್ಟ್ರೇಲಿಯಾದ ಒಂದು ಇರುವೆಯಲ್ಲಿ ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಒಂದು. ಹಾವಿನ ನಾಲಿಗೆಯಂತೆ ಕಡ್ಡಿ ಎತ್ತುವ ಪುಟ್ಟ ಜರೀಗಿಡವೊಂದರಲ್ಲಿ 1260 ಎಣಿಸಿದ್ದಾರೆ. ಎಣಿಸಿದವರ ತಾಳ್ಮೆಗೆ ಕೈಮುಗಿಯಬೇಕು.

ಗಿಡಗಳ ದಾರಿ ಬೇರೆಯೇ. ಅಲ್ಲಿ ಕೆಲವೊಮ್ಮೆ ವರ್ಣತಂತುಗಳ ಇಡೀ ಕಟ್ಟೇ ಇಮ್ಮಡಿಯಾಗುತ್ತದೆ. 1920ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಜಾರ್ಜಿ ಕಾರ್ಪೆಚೆಂಕೊ ಮೂಲಂಗಿಯನ್ನೂ ಎಲೆಕೋಸನ್ನೂ ಕೂಡಿಸಿದರು. (1941ರಲ್ಲಿ ಅವರನ್ನು ಅಲ್ಲಿನ ಸರ್ಕಾರವೇ ಬಂಧಿಸಿ ಗುಂಡಿಟ್ಟು ಕೊಂದಿತು.) ಎರಡು ಗಿಡಗಳಿಗೂ 18 ವರ್ಣತಂತುಗಳು. ಸಂಖ್ಯೆ ಒಂದೇ ಆದರೂ ಮೂಲಂಗಿಯ 9 ಎಳೆಗಳು ಎಲೆಕೋಸಿನ 9ನ್ನು ಜೋಡಿಯೆಂದು ಒಪ್ಪಲಿಲ್ಲ. ಗಿಡ ಹುಲುಸಾಗಿ ಬೆಳೆಯಿತು, ಕಾಳು ಮಾತ್ರ ಕಟ್ಟಲಿಲ್ಲ. ಹೇಸರಗತ್ತೆಯದೇ ಕಥೆ.

ಆದರೆ ಎಲ್ಲೋ ಕೆಲವು ಬೀಜಗಳು ಸಿಕ್ಕಿದವು. ವಿಭಜನೆ ತಪ್ಪಿ 18 ಎಳೆಗಳೂ ಒಟ್ಟಿಗೆ ಉಳಿದ ಅಂಡಕ್ಕೆ ಹಾಗೆಯೇ 18 ಉಳಿದ ಪರಾಗ ಸೇರಿ 36 ಆಗಿತ್ತು. ಈಗ ಪ್ರತಿ ಎಳೆಗೂ ಪಕ್ಕದಲ್ಲಿ ಅದರದೇ ಪ್ರತಿ. ಆ ಬೀಜದಿಂದ ಬಂದ ಗಿಡಗಳು ತಮ್ಮತಮ್ಮಲ್ಲಿ ಕೂಡಿ ಧಾರಾಳವಾಗಿ ಬೀಜ ಕೊಟ್ಟವು. ಕೆಳಗೆ ಮೂಲಂಗಿ, ಮೇಲೆ ಕೋಸು ಸಿಕ್ಕಿದ್ದರೆ ಅಡುಗೆಮನೆಗೆ ಲಾಭವಿತ್ತು. ಸಿಕ್ಕಿದ್ದು ಅತ್ತ ಗೆಡ್ಡೆಯೂ ಅಲ್ಲದ, ಇತ್ತ ಕೋಸೂ ಅಲ್ಲದ ಗಿಡ. ಅದರ ಕಾಯಿಯ ಒಂದು ಭಾಗ ಮೂಲಂಗಿಯ ಕಾಯಿಯಂತೆ, ಉಳಿದದ್ದು ಎಲೆಕೋಸಿನ ಕಾಯಿಯಂತೆ ಇತ್ತು.

ಈ ಗಿಡದ ಹೂವಿಗೆ ಮೂಲಂಗಿಯ ಪರಾಗ ಬಿದ್ದರೆ 18ಕ್ಕೆ 9 ಸೇರಿ 27. ಆಗ ಎಲೆಕೋಸಿನ ಒಂಬತ್ತು ಎಳೆಗಳಿಗೆ ಮತ್ತೆ ಜೋಡಿಯಿಲ್ಲ.

ನಮಸ್ಕಾರ.